ಶೆಲ್ಲಿನಲ್ಲಿ ವಸ್ತುಗಳನ್ನು ಕಟ್ಟುವ ಬಗೆ

ತೆಂಗಿನಕಾಯಿಗೆ ಹೊರಗೆ ಕರಟ, ಒಳಗೆ ತಿರುಳು. ಯೂನಿಕ್ಸ್ ಮತ್ತು ಅದರ ಮನೆತನಕ್ಕೆ ಸೇರಿದ ಲಿನಕ್ಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಲ್ಲಿಯೂ ಇದೇ ಬಗೆಯ ಎರಡು ಭಾಗಗಳುಂಟು. ಕಂಪ್ಯೂಟರಿನ ಮೆಮೊರಿ, ಡಿಸ್ಕು, ಪರದೆ, ಕೀಲಿಮಣೆ ಇವುಗಳನ್ನೆಲ್ಲ ಆಳುವ ಒಳಭಾಗಕ್ಕೆ ‘ಕರ್ನಲ್’, ಎಂದರೆ ತಿರುಳು, ಎಂದು ಹೆಸರು. ಮನುಷ್ಯನು ಬರೆದ ಆಜ್ಞೆಯನ್ನು ಓದಿ, ಅದರ ಅರ್ಥವನ್ನು ಬಿಡಿಸಿಕೊಂಡು, ತಿರುಳಿಗೆ ಮುಟ್ಟಿಸುವ ಹೊರಭಾಗವೇ ‘ಶೆಲ್’, ಎಂದರೆ ಚಿಪ್ಪು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸಿನ ಕೆಲಸವನ್ನು ಆರಂಭಿಸಿದರು. ಅದರ ಏಳನೆಯ ಆವೃತ್ತಿಯೊಡನೆ ೧೯೭೯ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಹೊರಬಂದಿತು. ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ಬರೆದು ೧೯೮೯ರಲ್ಲಿ ಹೊರತಂದ ‘ಬ್ಯಾಶ್’ ಅದೇ ಜಾಡಿನದು. ‘ಮರಳಿ ಹುಟ್ಟಿದ ಬೋರ್ನ್ ಶೆಲ್’ ಎಂಬ ಶ್ಲೇಷೆ ಅದರ ಹೆಸರಿನಲ್ಲಿಯೇ ಅಡಗಿದೆ. ಈ ಲೇಖನದಲ್ಲಿ ನಾವು ಶೆಲ್ ಎಂದಾಗಲೆಲ್ಲ ಬ್ಯಾಶನ್ನೇ ಕುರಿತು ಹೇಳುತ್ತಿದ್ದೇವೆ ಎಂದು ಓದುಗರು ತಿಳಿಯತಕ್ಕದ್ದು.

ಶೆಲ್ಲಿಗೆ ಒಂದೊಂದೇ ಆಜ್ಞೆಯನ್ನು ಕೈಯಿಂದ ಬರೆದು ಕೊಡಬಹುದು. ಅಥವಾ ಹಲವು ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ‘ಇದನ್ನು ನಡೆಸು’ ಎನ್ನಬಹುದು. ಈ ಫೈಲಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ಸ್ಕ್ರಿಪ್ಟುಗಳ ಬಾಳು ಪ್ರಾಯಶಃ ಹತ್ತು ಸಾಲಿನಿಂದ ಮೊದಲಾಗುತ್ತದೆ. ಬಳಿಕ ಅವು ಬೇಲಿಯ ಮೇಲಿನ ಬಳ್ಳಿಯಂತೆ, ಯಾರೂ ಗಮನಿಸದಿರುವಾಗ, ಬೆಳೆದುಬಿಡುತ್ತವೆ.

ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಲವತ್ತು ಕಂಪ್ಯೂಟರುಗಳಿವೆ ಎಂದು ಭಾವಿಸೋಣ. ಪ್ರತಿ ರಾತ್ರಿಯೂ ಅವುಗಳಲ್ಲಿರುವ ವಿದ್ಯಾರ್ಥಿಗಳ ಬರಹಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಹಳೆಯ ನಕಲುಗಳನ್ನು ಅಳಿಸಬೇಕು. ಮೊದಲು ಯಂತ್ರಗಳ ಹೆಸರಿನದೊಂದು ಪಟ್ಟಿ ಬರೆಯುತ್ತೇವೆ. ಪ್ರತಿಯೊಂದರಲ್ಲಿಯೂ ನಕಲು ಮಾಡಬೇಕಾದ ಫೋಲ್ಡರು ಬೇರೆ ಎಂದು ಗೊತ್ತಾಗಿ ಎರಡನೆಯ ಪಟ್ಟಿ ಹುಟ್ಟುತ್ತದೆ. ಎಷ್ಟು ದಿನಗಳ ನಕಲನ್ನು ಉಳಿಸಬೇಕೆಂಬುದಕ್ಕೆ ಮೂರನೆಯದು. ಒಂದು ದಿನ ಹದಿನೇಳನೆಯ ಯಂತ್ರವನ್ನು ತೆಗೆದುಹಾಕಿ ಮೊದಲ ಪಟ್ಟಿಯಿಂದ ಅದರ ಹೆಸರನ್ನು ಹೊಡೆದು, ಉಳಿದೆರಡು ಪಟ್ಟಿಗಳನ್ನು ಮರೆತೆವೆಂದರೆ, ಅಲ್ಲಿಂದ ಮುಂದಿನ ಪ್ರತಿಯೊಂದು ಯಂತ್ರವೂ ತನ್ನ ಪಕ್ಕದವರ ಫೋಲ್ಡರನ್ನು ತನ್ನದೆಂದು ತಿಳಿಯುತ್ತದೆ. ಸ್ಕ್ರಿಪ್ಟು ಮಾತ್ರ ಯಾವ ದೂರನ್ನೂ ಹೇಳದೆ ನಡೆಯುತ್ತದೆ. ಅಳಿಸುವ ಕೆಲಸವೂ ನಡೆಯುತ್ತದೆ.

ಇದು ಬರಿಯ ಊಹೆಯ ಭಯವಲ್ಲ. ೨೦೧೫ರ ಜನವರಿಯಲ್ಲಿ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿದ್ದ ಶೆಲ್ ಸ್ಕ್ರಿಪ್ಟೊಂದರ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಆ ಸ್ಕ್ರಿಪ್ಟು ತಾನು ನೆಲಸಿರುವ ಫೋಲ್ಡರಿನ ದಾರಿಯನ್ನು ಹುಡುಕಿ ಒಂದು ಚರದಲ್ಲಿ ಇಟ್ಟುಕೊಳ್ಳುತ್ತಿತ್ತು. ಬೇಕಾದಾಗ ಆ ಚರದ ಮುಂದೆ ಒಂದು ಓರೆಗೆರೆಯನ್ನೂ ನಕ್ಷತ್ರ ಚಿಹ್ನೆಯನ್ನೂ ಸೇರಿಸಿ ‘ಇದರೊಳಗಿನದನ್ನೆಲ್ಲ ಅಳಿಸು’ ಎನ್ನುತ್ತಿತ್ತು. ಬಳಕೆದಾರನೊಬ್ಬನು ಆ ಫೋಲ್ಡರನ್ನು ಬೇರೆ ಕಡೆಗೆ ಸಾಗಿಸಿದ್ದನು. ದಾರಿ ಸಿಕ್ಕಲಿಲ್ಲ, ಚರ ಬರಿದಾಗಿ ಉಳಿಯಿತು. ಬರಿದಾದ ಚರದ ಮುಂದೆ ಓರೆಗೆರೆ ಬಂದರೆ ಅದರ ಅರ್ಥ ‘ಇಡೀ ಕಂಪ್ಯೂಟರಿನ ಬೇರು’. ಆತನು ಅಳಿಸಲು ಅಧಿಕಾರವಿದ್ದ ಎಲ್ಲ ಫೈಲುಗಳೂ, ಹೊರಗಿನಿಂದ ಜೋಡಿಸಿದ್ದ ಡಿಸ್ಕಿನಲ್ಲಿದ್ದವೂ ಸೇರಿ, ನಾಶವಾದವು. ಆ ಸಾಲಿನ ಮೇಲ್ಗಡೆ, ಅದನ್ನು ಬರೆದವರೇ ‘ಭಯವಾಗುತ್ತದೆ’ ಎಂಬರ್ಥದ ಟಿಪ್ಪಣಿಯೊಂದನ್ನು ಬರೆದಿಟ್ಟಿದ್ದರೆಂಬುದು ಕಥೆಯ ವಿಶೇಷ. ಭಯವನ್ನು ಟಿಪ್ಪಣಿಯಲ್ಲಿ ಇಟ್ಟರೇ ಹೊರತು ಪ್ರೋಗ್ರಾಮಿನಲ್ಲಿ ಇಡಲಿಲ್ಲ.

ಸಂಬಂಧಪಟ್ಟ ಸಂಗತಿಗಳನ್ನು ಒಟ್ಟಿಗೆ ಇರಿಸುವುದು, ಅರೆಬರೆಯಾದುದು ಹುಟ್ಟದಂತೆ ನೋಡಿಕೊಳ್ಳುವುದು, ಒಂದರ ಒಳಗುಟ್ಟಿಗೆ ಇನ್ನೊಂದು ಕೈಹಾಕದಂತೆ ತಡೆಯುವುದು: ಈ ಮೂರು ಉದ್ದೇಶಗಳಿಗಾಗಿಯೇ ಪ್ರೋಗ್ರಾಮಿಂಗ್ ಲೋಕದಲ್ಲಿ ಒಂದು ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿದೆ. ಅದೇ ‘ಆಬ್ಜೆಕ್ಟ್ ಓರಿಯೆಂಟೆಡ್’ ಪದ್ಧತಿ. ಆಬ್ಜೆಕ್ಟ್ ಎಂಬುದನ್ನು ನಾವಿಲ್ಲಿ ‘ವಸ್ತು’ ಎಂದು ಕರೆಯೋಣ. ಜಾವಾ, ಪೈಥಾನ್ ಮೊದಲಾದ ಭಾಷೆಗಳನ್ನು ಕಾಲೇಜಿನಲ್ಲಿ ಕಲಿಯುವವರಿಗೆ ಈ ಪದ್ಧತಿಯ ಪರಿಚಯ ಇದ್ದೇ ಇರುತ್ತದೆ. ಶೆಲ್ಲಿಗಾದರೋ ವಸ್ತು ಎಂದರೇನೆಂದು ತಿಳಿಯದು. ಅದು ಮೂಲತಃ ಬಲ್ಲದ್ದು ಎರಡನ್ನೇ: ಅಕ್ಷರಗಳ ಸರ ಮತ್ತು ಆಜ್ಞೆ. ಇಷ್ಟು ಬಡ ಸಾಮಗ್ರಿಯಿಂದ ವಸ್ತುವನ್ನು ಕಟ್ಟಬಹುದೇ ಎಂಬುದೇ ನಮ್ಮ ಪ್ರಶ್ನೆ. ಕಟ್ಟಬಹುದು, ಹೇಗೆಂದು ನೋಡಿದರೆ ವಸ್ತುವೆಂಬ ಕಲ್ಪನೆಯ ಒಳಗುಟ್ಟೂ, ಶೆಲ್ಲಿನ ಒಳಗುಟ್ಟೂ ಒಟ್ಟಿಗೆ ಬಯಲಾಗುತ್ತವೆ.

ಈ ಪದ್ಧತಿಯ ತವರು ನಾರ್ವೆ. ಆಸ್ಲೋ ನಗರದಲ್ಲಿರುವ ನಾರ್ವೆಯ ಗಣಕ ಕೇಂದ್ರದಲ್ಲಿ ಕ್ರಿಸ್ಟನ್ ನ್ಯುಗೋರ್ ಮತ್ತು ಓಲೆ-ಯೋಹಾನ್ ದಾಲ್ ಎಂಬಿಬ್ಬರು ‘ಸಿಮ್ಯುಲಾ ೬೭’ ಎಂಬ ಭಾಷೆಯನ್ನು ೧೯೬೭ರಲ್ಲಿ ರೂಪಿಸಿದರು. ಸರದಿಯಲ್ಲಿ ನಿಲ್ಲುವ ಜನ, ಬಂದರಿಗೆ ಬರುವ ಹಡಗು ಮುಂತಾದ ನಿಜಲೋಕದ ವ್ಯವಹಾರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು ಇಂಥ ಭಾಷೆಯ ಉದ್ದೇಶ. ಹಡಗನ್ನು ಅನುಕರಿಸಬೇಕಾದರೆ ಹಡಗಿನ ವಿವರಗಳೂ ಹಡಗು ಮಾಡುವ ಕೆಲಸಗಳೂ ಒಂದೇ ಗಂಟಿನಲ್ಲಿರುವುದು ಸಹಜವಷ್ಟೆ. ೧೯೭೦ರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋ ನಗರದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಅವರ ಸಂಗಡಿಗರು ‘ಸ್ಮಾಲ್‌ಟಾಕ್’ ಭಾಷೆಯಲ್ಲಿ ಈ ಭಾವನೆಯನ್ನು ಇನ್ನೂ ಮುಂದಕ್ಕೆ ಒಯ್ದರು. ಜೀವಶಾಸ್ತ್ರವನ್ನೂ ಓದಿದ್ದ ಕೇ ಅವರ ಮನಸ್ಸಿನಲ್ಲಿ ಇದ್ದದ್ದು ಜೀವಕೋಶದ ಚಿತ್ರ. ಕೋಶದ ಒಳಗು ಹೊರಗಿನವರಿಗೆ ಕಾಣದು. ಕೋಶಗಳ ನಡುವೆ ಓಡಾಡುವುದು ಸಂದೇಶ ಮಾತ್ರ.

ಸಂದೇಶವೆಂದರೇನು? ಕನ್ನಡದ ‘ಕಟ್ಟು’ ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಹೂವನ್ನು ಕಟ್ಟುತ್ತೇವೆ, ಮನೆಯನ್ನು ಕಟ್ಟುತ್ತೇವೆ, ಹಸುವನ್ನು ಕಟ್ಟುತ್ತೇವೆ, ಬುತ್ತಿಯನ್ನು ಕಟ್ಟುತ್ತೇವೆ, ಶುಲ್ಕವನ್ನೂ ಕಟ್ಟುತ್ತೇವೆ. ಮಾತು ಒಂದೇ; ಮಾಡುವ ಕೆಲಸ ಮಾತ್ರ ಕರ್ಮಪದವನ್ನು ಅನುಸರಿಸಿ ಬೇರೆ ಬೇರೆ. ಹಸುವನ್ನು ಕಟ್ಟು ಎಂದಾಗ ಇಟ್ಟಿಗೆ ಗಾರೆಗಳನ್ನು ತರಲು ಯಾರೂ ಹೊರಡುವುದಿಲ್ಲ. ವಸ್ತುಗಳಿಗೆ ಕಳುಹಿಸುವ ಸಂದೇಶವೂ ಹೀಗೆಯೇ. ‘ನಕಲು ತೆಗೆ’ ಎಂಬ ಒಂದೇ ಸಂದೇಶವನ್ನು ನಲವತ್ತು ಯಂತ್ರಗಳಿಗೂ ಕೊಡುತ್ತೇವೆ. ಹೇಗೆ ತೆಗೆಯಬೇಕೆಂಬುದು ಆಯಾ ಯಂತ್ರದ ವರ್ಗಕ್ಕೆ ಬಿಟ್ಟ ವಿಷಯ.

ಈಗ ಶೆಲ್ಲಿನ ಕಡೆಗೆ ತಿರುಗೋಣ. ಶೆಲ್ ಒಂದು ಸಾಲನ್ನು ಓದಿದೊಡನೆ ಅದನ್ನು ನಡೆಸಿಬಿಡುವುದಿಲ್ಲ. ಡಾಲರ್ ಚಿಹ್ನೆಯಿರುವ ಕಡೆಗಳಲ್ಲೆಲ್ಲ ಚರದ ಹೆಸರನ್ನು ತೆಗೆದು ಅದರ ಬೆಲೆಯನ್ನು ತುಂಬುತ್ತದೆ. ತುಂಬಿದ ಮೇಲೆ ಉಳಿದ ಸಾಲಿನ ಮೊದಲ ಪದ ಯಾವುದೋ ಅದನ್ನು ಆಜ್ಞೆಯ ಹೆಸರೆಂದು ತಿಳಿದು ಹುಡುಕುತ್ತದೆ. ಎಂದರೆ ಯಾವ ಕೆಲಸ ಮಾಡಬೇಕೆಂಬುದನ್ನು ಸ್ಕ್ರಿಪ್ಟು ಬರೆಯುವಾಗಲೇ ಗೊತ್ತುಪಡಿಸಬೇಕೆಂಬ ನಿಯಮ ಇಲ್ಲಿಲ್ಲ. ಆ ಸಾಲನ್ನು ಮುಟ್ಟಿದ ಕ್ಷಣದಲ್ಲಿ ಗೊತ್ತಾದರೆ ಸಾಕು. ವಸ್ತುಪದ್ಧತಿಗೆ ಬೇಕಾದ ಮುಖ್ಯ ಗುಣವೇ ಇದು. ಕೆಲವು ಭಾಷೆಗಳು ಬಹಳ ಶ್ರಮಪಟ್ಟು ಸಾಧಿಸುವ ಈ ‘ತಡವಾದ ಬೆಸುಗೆ’ ಶೆಲ್ಲಿಗೆ ಹುಟ್ಟುಗುಣ. ಬಡವನ ಮನೆಯಲ್ಲಿ ಒಂದು ಚಿನ್ನದ ಬಟ್ಟಲು ಇದ್ದ ಹಾಗೆ.

ಇನ್ನು ವಸ್ತುವಿನ ದೇಹ. ೨೦೦೯ರಲ್ಲಿ ಬಂದ ಬ್ಯಾಶಿನ ೪.೦ನೆಯ ಆವೃತ್ತಿಯಲ್ಲಿ ‘ಅಸೋಸಿಯೇಟಿವ್ ಅರೇ’ ಎಂಬ ಸೌಕರ್ಯ ಸೇರಿತು. ಇದು ಮನೆಮನೆಗೂ ಹೆಸರುಳ್ಳ ಒಂದು ಕೋಷ್ಟಕ. ಮೂರನೆಯ ಮನೆ, ನಾಲ್ಕನೆಯ ಮನೆ ಎನ್ನುವ ಬದಲು ‘ಫೋಲ್ಡರ್’ ಎಂಬ ಮನೆ, ‘ದಿನ’ ಎಂಬ ಮನೆ ಎನ್ನಬಹುದು. (ಆ್ಯಪಲ್ ಕಂಪ್ಯೂಟರುಗಳೊಡನೆ ಬರುವ ಬ್ಯಾಶ್ ೩.೨ನೆಯ ಹಳೆಯ ಆವೃತ್ತಿಯಾದ್ದರಿಂದ ಅದರಲ್ಲಿ ಇದು ನಡೆಯದು, ಹೊಸದನ್ನು ಹಾಕಿಕೊಳ್ಳಬೇಕು.) ಒಂದೊಂದು ಯಂತ್ರಕ್ಕೂ ಒಂದೊಂದು ಕೋಷ್ಟಕ ಮಾಡಿದೆವೆಂದರೆ ಮೂರು ಪಟ್ಟಿಗಳ ಗೊಂದಲ ತಪ್ಪಿತು. ಹದಿನೇಳನೆಯ ಯಂತ್ರ ಹೋದಾಗ ಅದರ ಫೋಲ್ಡರೂ ದಿನಗಳ ಲೆಕ್ಕವೂ ಅದರೊಡನೆಯೇ ಹೋಗುತ್ತವೆ.

ಕೋಷ್ಟಕವನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ತುಂಬಲು ಬಿಡಬಾರದು. ‘ಯಂತ್ರ.ಹುಟ್ಟಿಸು’ ಎಂಬುದೊಂದು ಫಂಕ್ಷನ್ನನ್ನು ಬರೆದು, ಎಲ್ಲ ಯಂತ್ರಗಳೂ ಅದರ ಮೂಲಕವೇ ಹುಟ್ಟಬೇಕೆಂದು ಕಟ್ಟುಪಾಡು ಮಾಡಿಕೊಳ್ಳುತ್ತೇವೆ. ಹೆಸರು, ಫೋಲ್ಡರು, ದಿನ ಮೂರನ್ನೂ ಅದು ಕೇಳುತ್ತದೆ. ಒಂದು ಬರಿದಾಗಿದ್ದರೂ ಸ್ಕ್ರಿಪ್ಟು ಅಲ್ಲಿಗೇ ನಿಲ್ಲಬೇಕು. ಇದಕ್ಕಾಗಿ ಶೆಲ್ಲಿನಲ್ಲಿ ಒಂದು ಪುಟ್ಟ ಸಾಧನವಿದೆ: ಚರದ ಹೆಸರನ್ನು ಪುಷ್ಪಾವರಣದೊಳಗೆ ಬರೆದು, ಅದರ ಮುಂದೆ ಎರಡು ಚುಕ್ಕೆಯ ವಿವರಣ ಚಿಹ್ನೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದರೆ, ಬೆಲೆ ಇಲ್ಲದಾಗಲೂ ಬರಿದಾಗಿರುವಾಗಲೂ ಸ್ಕ್ರಿಪ್ಟು ದೂರು ಹೇಳಿ ನಿಂತುಬಿಡುತ್ತದೆ. ‘ಹೆಸರಿಸದ ಚರವನ್ನು ಬಳಸಿದರೆ ನಿಲ್ಲು’ ಎಂಬ ಸಾಮಾನ್ಯ ಎಚ್ಚರಿಕೆ ಸಾಲದು. ಮೇಲಿನ ಸ್ಟೀಮ್ ಪ್ರಸಂಗದಲ್ಲಿ ಚರ ಇತ್ತು, ಅದರೊಳಗೆ ಏನೂ ಇರಲಿಲ್ಲ. ಅಂಥ ಎಚ್ಚರಿಕೆ ಅಲ್ಲಿ ಸುಮ್ಮನಿದ್ದುಬಿಡುತ್ತಿತ್ತು. ಆ ಎರಡು ಚಿಹ್ನೆಗಳು ಇದ್ದಿದ್ದರೆ ಆ ಬಳಕೆದಾರನ ಡಿಸ್ಕು ಉಳಿಯುತ್ತಿತ್ತು.

ದೇಹವಾಯಿತು, ಸಂದೇಶವನ್ನು ಮುಟ್ಟಿಸುವುದು ಹೇಗೆ? ಕೋಷ್ಟಕದಲ್ಲಿ ‘ವರ್ಗ’ ಎಂಬ ಇನ್ನೊಂದು ಮನೆಯನ್ನಿಟ್ಟು ಅದರಲ್ಲಿ ವಸ್ತುವಿನ ವರ್ಗದ ಹೆಸರನ್ನು ಬರೆದಿಡೋಣ. ಸಾಮಾನ್ಯ ಕಂಪ್ಯೂಟರುಗಳ ವರ್ಗ ‘ಯಂತ್ರ’. ಅಂಕಪಟ್ಟಿಗಳ ಡೇಟಾಬೇಸನ್ನು ಹೊತ್ತಿರುವ ಒಂದೆರಡು ಯಂತ್ರಗಳ ವರ್ಗ ‘ಕೋಶಯಂತ್ರ’. ಏಕೆಂದರೆ ನಡೆಯುತ್ತಿರುವ ಡೇಟಾಬೇಸಿನ ಫೈಲುಗಳನ್ನು ಸುಮ್ಮನೆ ನಕಲು ಮಾಡಿದರೆ ಅರ್ಧ ಬರೆದ ಲೆಕ್ಕ ಸಿಗಬಹುದು, ಅದರದೇ ಸಾಧನದಿಂದ ಪ್ರತಿ ತೆಗೆಯಬೇಕು. ಈಗ ‘ಕಳುಹು’ ಎಂಬ ಒಂದು ಫಂಕ್ಷನ್ನು ಸಾಕು. ಅದಕ್ಕೆ ವಸ್ತುವಿನ ಹೆಸರನ್ನೂ ಸಂದೇಶವನ್ನೂ ಕೊಡುತ್ತೇವೆ. ಅದು ವಸ್ತುವಿನ ವರ್ಗವನ್ನು ನೋಡಿ, ವರ್ಗದ ಹೆಸರು, ಒಂದು ಚುಕ್ಕೆ, ಸಂದೇಶ ಈ ಮೂರನ್ನೂ ಅಂಟಿಸಿ ‘ಕೋಶಯಂತ್ರ.ನಕಲುತೆಗೆ’ ಎಂಬ ಅಕ್ಷರಗಳ ಸರವನ್ನು ಮಾಡುತ್ತದೆ. ಆ ಹೆಸರಿನ ಫಂಕ್ಷನ್ನು ಉಂಟೇ ಎಂದು ಶೆಲ್ಲನ್ನೇ ಕೇಳುತ್ತದೆ. ‘ಡಿಕ್ಲೇರ್’ ಎಂಬ ಆಜ್ಞೆ ಇದಕ್ಕೆ ಉತ್ತರ ಕೊಡಬಲ್ಲುದು. ಇದ್ದರೆ ಆ ಸರವನ್ನೇ ಸಾಲಿನ ಮೊದಲ ಪದವಾಗಿ ಇಟ್ಟು ನಡೆಸುತ್ತದೆ. ಇಲ್ಲವಾದರೆ? ಕೋಶಯಂತ್ರದ ತಾಯಿವರ್ಗ ಯಂತ್ರ ಎಂದು ಬೇರೊಂದು ಕೋಷ್ಟಕದಲ್ಲಿ ಬರೆದಿಟ್ಟಿರುತ್ತೇವೆ. ಅದನ್ನು ನೋಡಿಕೊಂಡು ‘ಯಂತ್ರ.ನಕಲುತೆಗೆ’ ಇದೆಯೇ ಎಂದು ಹುಡುಕುತ್ತದೆ. ಆನುವಂಶಿಕತೆ ಎಂಬ ದೊಡ್ಡ ಮಾತಿನಿಂದ ಪಠ್ಯಪುಸ್ತಕಗಳು ಹೆದರಿಸುವ ಸಂಗತಿ ಇಷ್ಟೇ: ಮಗಳ ಮನೆಯಲ್ಲಿ ಇಲ್ಲದ ಪಾತ್ರೆಯನ್ನು ತವರಿನಿಂದ ತರುವುದು. ಹತ್ತು ಹದಿನೈದು ಸಾಲುಗಳಲ್ಲಿ ಈ ಹುಡುಕಾಟವೆಲ್ಲ ಮುಗಿಯುತ್ತದೆ.

ತವರಿನಲ್ಲಿಯೂ ಇಲ್ಲದಿದ್ದರೆ ‘ಈ ಸಂದೇಶ ನನಗೆ ತಿಳಿಯದು’ ಎಂದು ಹೇಳಿ ವಿಫಲವಾಗಬೇಕು. ಸ್ಮಾಲ್‌ಟಾಕಿನಲ್ಲಿ ಇದಕ್ಕೆ ಪ್ರತ್ಯೇಕ ಏರ್ಪಾಡೇ ಉಂಟು. ಬ್ಯಾಶಿನಲ್ಲಿಯೂ ೪.೦ನೆಯ ಆವೃತ್ತಿಯಿಂದೀಚೆಗೆ, ಹುಡುಕಿದ ಆಜ್ಞೆ ಸಿಗದಿದ್ದಾಗ ನಾವು ಬರೆದ ಫಂಕ್ಷನ್ನೊಂದನ್ನು ಕರೆಯುವ ವ್ಯವಸ್ಥೆ ಇರುವುದನ್ನು ಕಂಡರೆ, ದೂರದ ಈ ನೆಂಟಸ್ತಿಕೆಗೆ ಆಶ್ಚರ್ಯವಾಗದಿರದು. ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬ್ಯಾಶಿನಲ್ಲಿ ಚರದ ಹೆಸರಿಗೆ ರೋಮನ್ ಅಕ್ಷರ, ಅಂಕೆ, ಅಡಿಗೆರೆ ಇಷ್ಟೇ ಸಲ್ಲುತ್ತವೆ. ಫಂಕ್ಷನ್ನಿನ ಹೆಸರಿಗಾದರೋ ಈ ನಿರ್ಬಂಧವಿಲ್ಲ. ಚುಕ್ಕೆಯೂ ಸಲ್ಲುತ್ತದೆ, ಕನ್ನಡದ ಅಕ್ಷರಗಳೂ ಸಲ್ಲುತ್ತವೆ. ಮೇಲಿನ ‘ಯಂತ್ರ.ನಕಲುತೆಗೆ’ ಎಂಬುದು ಬರಿಯ ವಿವರಣೆಗಾಗಿ ಬರೆದ ಹೆಸರಲ್ಲ. ಹಾಗೆಯೇ ಬರೆದರೂ ನಡೆಯುತ್ತದೆ.

ಕರೆಸಿಕೊಂಡ ಫಂಕ್ಷನ್ನಿಗೆ ತಾನು ಯಾವ ಯಂತ್ರದ ಪರವಾಗಿ ಕೆಲಸ ಮಾಡುತ್ತಿದ್ದೇನೆಂಬುದು ತಿಳಿಯಬೇಕಷ್ಟೆ. ವಸ್ತುವಿನ ಹೆಸರನ್ನು ಅದರ ಮೊದಲ ಮಾಹಿತಿಯಾಗಿ ಕೊಡುತ್ತೇವೆ. ಹೆಸರಿನಿಂದ ಕೋಷ್ಟಕವನ್ನು ಮುಟ್ಟಲು ೨೦೧೪ರ ೪.೩ನೆಯ ಆವೃತ್ತಿಯಲ್ಲಿ ಬಂದ ‘ನೇಮ್‌ರೆಫ್’ ಎಂಬ ಉಪಾಯವಿದೆ. ಅದು ಒಂದು ಚರಕ್ಕೆ ಇನ್ನೊಂದು ಚರದ ಅಡ್ಡಹೆಸರಾಗುವ ಶಕ್ತಿಯನ್ನು ಕೊಡುತ್ತದೆ. ‘ತಾನು’ ಎಂಬರ್ಥದ ಅಡ್ಡಹೆಸರನ್ನು ಫಂಕ್ಷನ್ನಿನೊಳಗೆ ಇಟ್ಟುಕೊಂಡರೆ ಹದಿನೇಳನೆಯ ಯಂತ್ರದ ಪಾಲಿಗೆ ತಾನು ಎಂದರೆ ಹದಿನೇಳನೆಯದು, ಇಪ್ಪತ್ತನೆಯದರ ಪಾಲಿಗೆ ಇಪ್ಪತ್ತನೆಯದು. ಇಲ್ಲಿ ಒಂದು ಮುಳ್ಳು ಉಂಟು. ಮೂಲ ಕೋಷ್ಟಕಕ್ಕೂ ಅಡ್ಡಹೆಸರಿಗೂ ಒಂದೇ ಹೆಸರಾದರೆ ಅದು ತನ್ನ ನೆರಳನ್ನೇ ಹಿಡಿಯಹೋದಂತೆ ಆಗಿ, ಶೆಲ್ ‘ಸುತ್ತುಬಂದ ಹೆಸರು’ ಎಂದು ಗೊಣಗುತ್ತದೆ. ಅಡ್ಡಹೆಸರುಗಳಿಗೆ ಬೇರೆಲ್ಲಿಯೂ ಬಳಸದ ವಿಚಿತ್ರ ಹೆಸರನ್ನು ಕೊಡುವುದೇ ಪರಿಹಾರ; ಸುಂದರವಲ್ಲ, ಆದರೆ ಸಾಕು.

ಇದಕ್ಕಿಂತ ಆಳವಾದ ಇನ್ನೊಂದು ಹೊಂಡವಿದೆ. ಇದರಲ್ಲಿ ಬೀಳದೆ ಶೆಲ್ಲಿನಲ್ಲಿ ವಸ್ತುಗಳನ್ನು ಕಟ್ಟಿದವರು ಇರಲಾರರು ಎಂದು ನಮಗೆ ತೋರುತ್ತದೆ. ಪ್ರತಿ ನಕಲಿಗೂ ಒಂದು ಕ್ರಮಸಂಖ್ಯೆ ಬೇಕು. ‘ಎಣಿಕೆ’ ಎಂಬ ವಸ್ತುವನ್ನು ಮಾಡಿ ಅದರೊಳಗೆ ಸೊನ್ನೆಯನ್ನಿಟ್ಟು, ‘ಮುಂದಿನದು’ ಎಂಬ ಸಂದೇಶ ಬಂದಾಗಲೆಲ್ಲ ಒಂದನ್ನು ಕೂಡಿ ಹೊಸ ಸಂಖ್ಯೆಯನ್ನು ಹೇಳುವಂತೆ ಬರೆದೆವು. ಶೆಲ್ಲಿನ ಫಂಕ್ಷನ್ನು ಉತ್ತರ ಕೊಡುವ ರೀತಿ ವಿಚಿತ್ರ: ‘ರಿಟರ್ನ್’ ಎಂಬುದರಿಂದ ೦ಯಿಂದ ೨೫೫ರವರೆಗಿನ ಒಂದು ಸಂಖ್ಯೆಯನ್ನು ಮಾತ್ರ ಹಿಂದಿರುಗಿಸಬಹುದು, ಅದೂ ಕೆಲಸ ಗೆದ್ದಿತೇ ಸೋತಿತೇ ಎಂದು ಹೇಳುವುದಕ್ಕಾಗಿ ಇರುವುದು. ಆದಕಾರಣ ಉತ್ತರವನ್ನು ಮುದ್ರಿಸಿ, ಮುದ್ರಿಸಿದ್ದನ್ನು ಡಾಲರ್ ಚಿಹ್ನೆ ಮತ್ತು ಆವರಣಗಳಿಂದ ಹಿಡಿದುಕೊಳ್ಳುವುದು ರೂಢಿ. ಹೀಗೆ ಮಾಡಿ ಮೂರು ಬಾರಿ ‘ಮುಂದಿನದು’ ಎಂದು ಕೇಳಿದರೆ ಒಂದು, ಎರಡು, ಮೂರು ಎಂದು ಬರಬೇಕು. ಬರುವುದು ಒಂದು, ಒಂದು, ಒಂದು.

ಏಕೆ? ಆವರಣದೊಳಗಿನ ಕೆಲಸವನ್ನು ಮಾಡಲು ಶೆಲ್ ತನ್ನದೊಂದು ಪ್ರತಿಯನ್ನು, ಒಂದು ಮರಿಶೆಲ್ಲನ್ನು ಹುಟ್ಟಿಸುತ್ತದೆ. ಮರಿಗೆ ತಾಯಿಯ ಎಲ್ಲ ಚರಗಳ ನಕಲೂ ಸಿಗುತ್ತದೆ. ಮರಿ ಶ್ರದ್ಧೆಯಿಂದ ತನ್ನ ನಕಲಿನಲ್ಲಿ ಸೊನ್ನೆಯನ್ನು ಒಂದು ಮಾಡಿ, ‘ಒಂದು’ ಎಂದು ಮುದ್ರಿಸಿ, ಸತ್ತುಹೋಗುತ್ತದೆ. ತಾಯಿಯ ಬಳಿಯಿರುವ ಎಣಿಕೆ ಸೊನ್ನೆಯಾಗಿಯೇ ಇದೆ. ಶಾನುಭೋಗನು ಖಾತೆಯ ನಕಲನ್ನು ಮನೆಗೆ ಒಯ್ದು ಅದರಲ್ಲಿ ತಿದ್ದಿ, ಆ ನಕಲನ್ನು ಒಲೆಗೆ ಹಾಕಿದಂತೆ. ಉತ್ತರ ಸರಿಯಾಗಿಯೇ ಕಾಣುತ್ತದೆ. ಒಂದು ಬಾರಿ ಪರೀಕ್ಷಿಸಿದವನಿಗೆ ತಪ್ಪು ಗೊತ್ತಾಗುವುದೇ ಇಲ್ಲ. ನಮ್ಮ ಪ್ರಯೋಗಶಾಲೆಯಲ್ಲಾದರೋ ಪ್ರತಿ ರಾತ್ರಿಯ ಎಲ್ಲ ನಕಲುಗಳಿಗೂ ‘ಒಂದು’ ಎಂಬ ಹೆಸರೇ ಬಿದ್ದು, ಮೂವತ್ತೊಂಬತ್ತು ಯಂತ್ರಗಳ ಬರಹಗಳು ಒಂದರ ಮೇಲೊಂದು ಅಳಿಸಿಹೋಗಿ ಕೊನೆಯದೊಂದು ಉಳಿದೀತು.

ಪರಿಹಾರವೇನೆಂದರೆ, ವಸ್ತುವಿನ ಸ್ಥಿತಿಯನ್ನು ಬದಲಿಸುವ ಯಾವ ಸಂದೇಶವನ್ನೂ ಆವರಣದಲ್ಲಿ ಹಿಡಿಯಕೂಡದು. ಉತ್ತರವನ್ನು ಎಲ್ಲಿ ಇಡಬೇಕೆಂದು ಒಂದು ಚರದ ಹೆಸರನ್ನು ಸಂದೇಶದೊಡನೆಯೇ ಕೊಟ್ಟು, ಫಂಕ್ಷನ್ನು ಅಲ್ಲಿ ನೇರವಾಗಿ ಬರೆಯುವಂತೆ ಮಾಡಬೇಕು. ಮರಿಯನ್ನು ಹುಟ್ಟಿಸುವ ಖರ್ಚೂ ಇದರಿಂದ ಉಳಿಯುತ್ತದೆ. ಒಂದೆರಡು ಬಾರಿಯಾದರೆ ಆ ಖರ್ಚು ಲೆಕ್ಕಕ್ಕಿಲ್ಲ, ಸಾವಿರಾರು ಬಾರಿಯಾದರೆ ಸ್ಕ್ರಿಪ್ಟು ಕಣ್ಣಿಗೆ ಕಾಣುವಷ್ಟು ಕುಂಟುತ್ತದೆ. ೨೦೨೫ರಲ್ಲಿ ಹೊರಬಂದ ಬ್ಯಾಶ್ ೫.೩ರಲ್ಲಿ ಮರಿಯಿಲ್ಲದೆಯೇ ಮುದ್ರಿತವನ್ನು ಹಿಡಿಯುವ ಹೊಸ ರೂಪವೊಂದು ಸೇರಿದೆ. ಆದರೆ ಹಳೆಯ ಬ್ಯಾಶ್ ಇರುವ ಯಂತ್ರಗಳು ಲೋಕದಲ್ಲಿ ಬಹಳವಾದ್ದರಿಂದ ಹಳೆಯ ಎಚ್ಚರಿಕೆಯನ್ನು ಬಿಡುವಂತಿಲ್ಲ.

ವಸ್ತುಪದ್ಧತಿಯ ಮೂರನೆಯ ಉದ್ದೇಶ ಒಳಗುಟ್ಟನ್ನು ಕಾಪಾಡುವುದು. ಇದರಲ್ಲಿ ಶೆಲ್ ಪೂರ್ತಿ ಸೋಲುತ್ತದೆಂದು ಒಪ್ಪಬೇಕು. ಕೋಷ್ಟಕದ ಹೆಸರನ್ನು ಬಲ್ಲ ಯಾವ ಸಾಲಾದರೂ ಅದರೊಳಗೆ ಕೈಹಾಕಬಹುದು. ಹೆಸರಿನ ಮೊದಲಿಗೆ ಅಡಿಗೆರೆಯನ್ನು ಎಳೆದು ‘ಇದು ಖಾಸಗಿ’ ಎಂದು ಸೂಚಿಸುವುದುಂಟು. ಅದು ಬಾಗಿಲಲ್ಲ, ಬಾಗಿಲಿನ ಚಿತ್ರ. ನಿಜವಾದ ಗೋಡೆ ಬೇಕಾದವರು ಮೇಲೆ ಶಾಪವಾಗಿ ಕಂಡ ಮರಿಶೆಲ್ಲನ್ನೇ ವರವಾಗಿ ಮಾಡಿಕೊಳ್ಳಬಹುದು. ಬ್ಯಾಶ್ ೪.೦ರಿಂದ ‘ಕೋಪ್ರೊಸೆಸ್’ ಎಂಬ ಸೌಕರ್ಯವಿದೆ: ಮರಿಯೊಂದನ್ನು ಹುಟ್ಟಿಸಿ, ಅದು ಸಾಯದಂತೆ ಒಂದು ಸುತ್ತಿನಲ್ಲಿ ಕೂರಿಸಿ, ಅದರೊಡನೆ ಹೋಗಿಬರಲು ಎರಡು ಪೈಪುಗಳನ್ನು ಇಡುವುದು. ಎಣಿಕೆ ಈಗ ಮರಿಯ ಹೊಟ್ಟೆಯಲ್ಲಿದೆ. ತಾಯಿಯು ಒಂದು ಪೈಪಿನಲ್ಲಿ ‘ಮುಂದಿನದು’ ಎಂದು ಬರೆದು ಕಳುಹಿಸಿ ಇನ್ನೊಂದರಲ್ಲಿ ಉತ್ತರವನ್ನು ಓದಬೇಕಲ್ಲದೆ ಒಳಕ್ಕೆ ಕೈಹಾಕಲಾರಳು. ಅಲನ್ ಕೇ ಅವರ ಜೀವಕೋಶದ ಚಿತ್ರಕ್ಕೆ ಇದು ಎಷ್ಟು ಹತ್ತಿರವೆಂಬುದನ್ನು ಓದುಗರು ಗಮನಿಸಬೇಕು.

ಹಾಗೆ ನೋಡಿದರೆ ಯೂನಿಕ್ಸಿನ ತಿರುಳಿನಲ್ಲಿಯೇ ವಸ್ತುಗಳಿದ್ದವು. ಫೈಲು, ಕೀಲಿಮಣೆ, ಪೈಪು, ಮುದ್ರಣಯಂತ್ರ ಎಲ್ಲಕ್ಕೂ ‘ಓದು’, ‘ಬರೆ’ ಎಂಬ ಅವೇ ಸಂದೇಶಗಳು. ಉತ್ತರ ಕೊಡುವ ರೀತಿ ಬೇರೆ ಬೇರೆ. ಲಿನಕ್ಸಿನ ತಿರುಳಿನಲ್ಲಿ ಪ್ರತಿಯೊಂದು ಬಗೆಯ ಸಾಧನಕ್ಕೂ, ಓದುವ ಫಂಕ್ಷನ್ನಿನ ವಿಳಾಸವಿದು, ಬರೆಯುವುದರ ವಿಳಾಸವಿದು ಎಂಬ ಕೋಷ್ಟಕವಿರುತ್ತದೆ. ಅದನ್ನು ಬರೆದಿರುವುದು ವರ್ಗವೆಂಬ ಕಲ್ಪನೆಯೇ ಇಲ್ಲದ ಸಿ ಭಾಷೆಯಲ್ಲಿ. ನಾವು ಶೆಲ್ಲಿನಲ್ಲಿ ಕಟ್ಟಿದ ಕೋಷ್ಟಕಕ್ಕೂ ಅದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಇಲ್ಲಿಯವರೆಗೆ ನಾವು ‘ಇವಾಲ್’ ಎಂಬ ಆಜ್ಞೆಯ ಹೆಸರನ್ನು ಎತ್ತಿಲ್ಲ. ಶೆಲ್ಲಿನಲ್ಲಿ ವಸ್ತುಗಳನ್ನು ಕಟ್ಟುವ ಹಳೆಯ ಪಾಠಗಳಲ್ಲಿ ಹೆಜ್ಜೆ ಹೆಜ್ಜೆಗೂ ಇದು ಸಿಗುತ್ತದೆ. ಕೊಟ್ಟ ಅಕ್ಷರಗಳ ಸರವನ್ನು ಹೊಸ ಆಜ್ಞೆಯೆಂದು ತಿಳಿದು ಪುನಃ ಓದಿ ನಡೆಸುವುದು ಅದರ ಕೆಲಸ. ‘ವಸ್ತುವಿನ ಹೆಸರು, ಅಡಿಗೆರೆ, ಗುಣದ ಹೆಸರು’ ಎಂದು ಚರಗಳನ್ನು ಹೆಣೆಯುತ್ತಿದ್ದ, ಕೋಷ್ಟಕಗಳಿಲ್ಲದ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ಆದರೆ ವಸ್ತುವಿನ ಹೆಸರು ಹೊರಗಿನಿಂದ ಬಂದದ್ದಾಗಿ, ಅದರ ನಡುವೆ ಒಂದು ಅರ್ಧವಿರಾಮವೂ ಅಳಿಸುವ ಆಜ್ಞೆಯೂ ಸೇರಿಕೊಂಡಿದ್ದರೆ, ಇವಾಲ್ ಅದನ್ನೂ ವಿನಯದಿಂದ ನಡೆಸಿಕೊಡುತ್ತದೆ.

ಅಕ್ಷರ ಯಾವುದು, ಆಜ್ಞೆ ಯಾವುದು ಎಂಬ ಗೆರೆ ಅಳಿಸಿದಾಗ ಏನಾಗುವುದೆಂಬುದಕ್ಕೆ ಬ್ಯಾಶಿನ ಚರಿತ್ರೆಯಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. ತಾಯಿಶೆಲ್ಲಿನ ಫಂಕ್ಷನ್ನುಗಳನ್ನು ತಾನು ಹೊಸದಾಗಿ ಎಬ್ಬಿಸಿದ ಇನ್ನೊಂದು ಬ್ಯಾಶಿಗೂ ಒದಗಿಸಬೇಕೆಂದು ೧೯೮೯ರಲ್ಲಿಯೇ ಒಂದು ಅನುಕೂಲವನ್ನು ಸೇರಿಸಿದ್ದರು. ಫಂಕ್ಷನ್ನಿನ ಪಠ್ಯವನ್ನು ಪರಿಸರ ಚರವೊಂದರಲ್ಲಿ ಅಕ್ಷರಗಳಾಗಿ ಬರೆದು ಕಳುಹಿಸುವುದು, ಎಚ್ಚೆತ್ತ ಬ್ಯಾಶ್ ಅದನ್ನು ಓದಿ ಮತ್ತೆ ಫಂಕ್ಷನ್ನಾಗಿಸುವುದು. ಓದುವಾಗ ಫಂಕ್ಷನ್ನಿನ ಕೊನೆಯಲ್ಲಿ ನಿಲ್ಲಬೇಕಾಗಿತ್ತು. ನಿಲ್ಲದೆ, ಅದರ ಮುಂದೆ ಬಾಲದಂತೆ ಏನಾದರೂ ಬರೆದಿದ್ದರೆ ಅದನ್ನೂ ನಡೆಸಿಬಿಡುತ್ತಿತ್ತು. ಅಂತರಜಾಲದ ಎಷ್ಟೋ ಸರ್ವರುಗಳು ದೂರದ ಸಂದರ್ಶಕನು ಕಳುಹಿಸಿದ ವಿವರಗಳನ್ನು ಪರಿಸರ ಚರಗಳಲ್ಲಿಯೇ ಇಟ್ಟು ಇತರ ಪ್ರೋಗ್ರಾಮುಗಳನ್ನು ಕರೆಯುತ್ತಿದ್ದವು. ಎಂದಮೇಲೆ ಲೋಕದ ಯಾವ ಮೂಲೆಯಲ್ಲಿದ್ದವನಾದರೂ ಅಂಥ ಯಂತ್ರಕ್ಕೆ ಆಜ್ಞೆ ಕೊಡಬಹುದಾಗಿತ್ತು! ಸ್ಟೆಫಾನ್ ಶಾಜ಼ಲಾ ಎಂಬವರು ಇದನ್ನು ಕಂಡುಹಿಡಿದರು. ೨೦೧೪ರ ಸೆಪ್ಟೆಂಬರ್ ೨೪ರಂದು ಸುದ್ದಿ ಬಹಿರಂಗವಾಯಿತು. ‘ಶೆಲ್‌ಶಾಕ್’ ಎಂದು ಹೆಸರಾದ ಈ ದೋಷ ಇಪ್ಪತ್ತೈದು ವರ್ಷಗಳ ಕಾಲ ಎಲ್ಲರ ಕಣ್ಣೆದುರಿಗೇ ಇತ್ತು. ಬಳಿಕ ಮಾಡಿದ ತಿದ್ದುಪಡಿಯಲ್ಲಿ, ಹೀಗೆ ಬರುವ ಫಂಕ್ಷನ್ನುಗಳ ಹೆಸರಿಗೆ ವಿಶೇಷ ಗುರುತನ್ನು ಕಡ್ಡಾಯ ಮಾಡಿ, ಸಾಮಾನ್ಯ ಚರವೊಂದು ಫಂಕ್ಷನ್ನಿನ ವೇಷ ಹಾಕದಂತೆ ತಡೆದರು.

ಇವಾಲನ್ನು ಬಿಟ್ಟರೆ ಅಪಾಯ ಪೂರ್ತಿ ಹೋಯಿತೆನ್ನುವಂತೆಯೂ ಇಲ್ಲ. ಲೆಕ್ಕ ಮಾಡುವ ಆವರಣಗಳಲ್ಲಿ ಹೊರಗಿನಿಂದ ಬಂದ ಬೆಲೆಯನ್ನು ಹಾಗೆಯೇ ಹಾಕಿದರೆ, ಕೋಷ್ಟಕದ ಮನೆಯ ಹೆಸರಿನ ವೇಷದಲ್ಲಿ ಆಜ್ಞೆಯೊಂದು ಒಳನುಗ್ಗಬಲ್ಲುದು. ಸಂಖ್ಯೆಯೆಂದು ಬಂದದ್ದರಲ್ಲಿ ಅಂಕೆಗಳಲ್ಲದೆ ಬೇರೇನೂ ಇಲ್ಲವೆಂಬುದನ್ನು, ಹೆಸರೆಂದು ಬಂದದ್ದರಲ್ಲಿ ಅಕ್ಷರ ಅಂಕೆಗಳಷ್ಟೇ ಇವೆಯೆಂಬುದನ್ನು ‘ಹುಟ್ಟಿಸು’ ಫಂಕ್ಷನ್ನಿನ ಹೊಸ್ತಿಲಲ್ಲಿಯೇ ಪರೀಕ್ಷಿಸಿ ನೋಡಬೇಕು. ಎಲ್ಲ ವಸ್ತುಗಳೂ ಒಂದೇ ಬಾಗಿಲಿನಿಂದ ಬರುವಂತೆ ಮಾಡಿದ್ದರ ಲಾಭ ಇಲ್ಲಿ ಕಾಣುತ್ತದೆ: ಕಾವಲುಗಾರನೊಬ್ಬನೇ ಸಾಕು.

ಇಷ್ಟೆಲ್ಲ ಪಾಡುಪಡುವ ಬದಲು ವಸ್ತುಗಳನ್ನು ಬಲ್ಲ ಶೆಲ್ಲನ್ನೇ ಏಕೆ ಮಾಡಬಾರದು ಎಂದು ಕೇಳಬಹುದು. ಮಾಡಿದ್ದಾರೆ. ಬೆಲ್ ಪ್ರಯೋಗಶಾಲೆಯಲ್ಲಿ ಡೇವ್ ಕಾರ್ನ್ ರಚಿಸಿದ ಶೆಲ್ಲಿನ ೧೯೯೩ರ ಆವೃತ್ತಿಯಲ್ಲಿ, ಚರದೊಳಗೆ ಚರಗಳನ್ನಿಡುವ ಸೌಲಭ್ಯವೂ, ಚರದ ಬೆಲೆಯನ್ನು ಓದುವಾಗ ಬರೆಯುವಾಗ ತಾನಾಗಿಯೇ ನಡೆಯುವ ಫಂಕ್ಷನ್ನುಗಳೂ ಬಂದವು. ಮೈಕ್ರೋಸಾಫ್ಟ್ ಸಂಸ್ಥೆ ೨೦೦೬ರಲ್ಲಿ ಹೊರತಂದ ಪವರ್‌ಶೆಲ್ಲಿನಲ್ಲಿ ಒಂದು ಆಜ್ಞೆಯಿಂದ ಇನ್ನೊಂದಕ್ಕೆ ಹರಿಯುವುದು ಅಕ್ಷರಗಳಲ್ಲ, ವಸ್ತುಗಳೇ. ಆದರೂ ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ಬ್ಯಾಶ್. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಒಂದು ಹುಟ್ಟಿಸುವ ಫಂಕ್ಷನ್ನು, ವಸ್ತುವಿಗೊಂದು ಕೋಷ್ಟಕ, ವರ್ಗ ಚುಕ್ಕೆ ಸಂದೇಶ ಎಂಬ ಹೆಸರಿಡುವ ಕ್ರಮ: ಇಷ್ಟನ್ನು ಇನ್ನೂರು ಸಾಲು ದಾಟಿದ ಯಾವ ಸ್ಕ್ರಿಪ್ಟಿನಲ್ಲಾದರೂ ಧೈರ್ಯವಾಗಿ ಬಳಸಬಹುದು. ಒಂದು ತಲೆಮಾರಿನ ಬಳುವಳಿಯೂ ಸರಿಯೇ. ವಸ್ತುವಿನೊಳಗೆ ವಸ್ತುವನ್ನು ಇಡಬೇಕೆಂಬ ಆಸೆ ಹುಟ್ಟಿದ ದಿನ ಪೈಥಾನಿಗೋ ಇನ್ನಾವುದಕ್ಕೋ ಹೋಗುವುದು ಒಳ್ಳೆಯದು. ಬ್ಯಾಶಿನ ಕೋಷ್ಟಕದ ಮನೆಯಲ್ಲಿ ಅಕ್ಷರಗಳ ಸರವಲ್ಲದೆ ಇನ್ನೊಂದು ಕೋಷ್ಟಕ ಹಿಡಿಸುವುದಿಲ್ಲ. ದಶಮಾಂಶದ ಲೆಕ್ಕ ಬೇಕಾದವರಿಗೂ ಇದೇ ಮಾತು, ಏಕೆಂದರೆ ಬ್ಯಾಶಿಗೆ ಪೂರ್ಣಾಂಕಗಳ ಗಣಿತ ಮಾತ್ರ ಬರುತ್ತದೆ.

ಕಂಪ್ಯೂಟರು ಕೈಗೆ ಸಿಗುವ ವಿದ್ಯಾರ್ಥಿಗಳು ಮೇಲೆ ಹೇಳಿದ ಎಣಿಕೆಯ ವಸ್ತುವನ್ನು ತಾವೇ ಬರೆದು ನೋಡಬಹುದು. ಮೊದಲು ಉತ್ತರವನ್ನು ಆವರಣದಲ್ಲಿ ಹಿಡಿದು ಮೂರು ಬಾರಿ ಕೇಳಿ. ಮೂರು ಸಲವೂ ಒಂದು ಬರಬೇಕು. ಬಳಿಕ ಉತ್ತರವನ್ನಿಡುವ ಚರದ ಹೆಸರನ್ನು ಕೊಟ್ಟು ಕೇಳಿ, ಮೂರರವರೆಗೆ ಏರಬೇಕು. ಆ ಚರದ ಹೆಸರನ್ನು ಬೇಕೆಂದೇ ಫಂಕ್ಷನ್ನಿನೊಳಗಿನ ಅಡ್ಡಹೆಸರಿನಂತೆಯೇ ಇಟ್ಟು ಮೂರನೆಯ ಬಾರಿ ಪ್ರಯತ್ನಿಸಿದರೆ, ಸುತ್ತುಬಂದ ಹೆಸರಿನ ಗೊಣಗಾಟವೂ ಕೇಳಿಸುತ್ತದೆ.